ತಾರೀಕು ಇಲ್ಲದ ಕನ್ನಡ ಗೈಡ್: ಅನುವಾದ ಹಳೆಯದಾದರೆ ಯಾರಿಗೆ ನಷ್ಟ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಬಸವಕಲ್ಯಾಣದಿಂದ ಮಾತಾಡ್ತಾ ಇದ್ದೀನಿ.

ಇವತ್ತಿನ ವಿಷಯ ಸ್ವಲ್ಪ ಒಣ ಅನ್ನಿಸಬಹುದು. ಒಂದು ಸಾಫ್ಟ್‌ವೇರ್ ಅಥವಾ ವೆಬ್‌ಸೈಟ್ ಬಳಸೋದು ಹೇಗೆ ಅಂತ ಹೇಳಿಕೊಡುವ ಸಹಾಯ ಪುಟಗಳು ಇರ್ತಾವಲ್ಲ, ಅವುಗಳ ಕನ್ನಡ ಅನುವಾದದ ಬಗ್ಗೆ. ಅನುವಾದ ಮಾಡೋದು ಹೇಗೆ ಅಂತ ಅಲ್ಲ. ಮಾಡಿದ ಮೇಲೆ ಅದನ್ನ ಸರಿಯಾಗಿ ಇಟ್ಟುಕೊಳ್ಳೋದು ಹೇಗೆ ಅಂತ. ಈ ವಿಷಯ ಆರಿಸಿಕೊಳ್ಳೋದಕ್ಕೆ ಒಂದು ಕಾರಣ ಇದೆ. ಇದರಲ್ಲಿ ನಂದೇ ಒಂದು ತಪ್ಪಿದೆ. ಮೊದಲು ಅದನ್ನ ಹೇಳಿಬಿಡ್ತೀನಿ.

ಹದಿನಾಲ್ಕು ಪುಟದ ಪಿಡಿಎಫ್

2018ರಲ್ಲಿ ನಾನು ಹುಮನಾಬಾದಿನಲ್ಲಿ ಬಿ.ಕಾಂ. ಓದ್ತಾ ಇದ್ದೆ. ಹಿಂದಿನ ವರ್ಷ, 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದಿತ್ತು. 2018ರ ಏಪ್ರಿಲ್ 1ಕ್ಕೆ ಇ-ವೇ ಬಿಲ್ ಬಂತು. 50,000 ರೂಪಾಯಿಗಿಂತ ಹೆಚ್ಚಿನ ತೆರಿಗೆಯ ಸರಕು ಗಾಡಿಯಲ್ಲಿ ಹೋಗಬೇಕಾದರೆ ಪೋರ್ಟಲ್‌ಗೆ ಹೋಗಿ ಒಂದು ಇ-ವೇ ಬಿಲ್ ಮಾಡಿಸಿಕೊಳ್ಳಬೇಕು. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗುವ ಸರಕಿಗೆ ದೇಶದ ಎಲ್ಲ ಕಡೆ ಈ ನಿಯಮ ಬಂತು. ರಾಜ್ಯದ ಒಳಗಿನ ಸಾಗಣೆಗೂ ಅದೇ ದಿನದಿಂದ ಇದನ್ನ ಜಾರಿ ಮಾಡಿದ್ದು ನಮ್ಮ ಕರ್ನಾಟಕ.

ನಮ್ಮ ಕಡೆ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ಹುಮನಾಬಾದ್ ಇರೋದು ಪುಣೆ–ಹೈದರಾಬಾದ್ ಹೆದ್ದಾರಿ ಮೇಲೆ. ಬಸವಕಲ್ಯಾಣದಿಂದ ಆ ಕಡೆ ಸ್ವಲ್ಪ ಹೋದರೆ ಮಹಾರಾಷ್ಟ್ರ, ಹುಮನಾಬಾದಿನಿಂದ ಈ ಕಡೆ ಹೋದರೆ ತೆಲಂಗಾಣ. ಇಲ್ಲಿ ವ್ಯಾಪಾರ ಅಂದರೆ ಅರ್ಧಕ್ಕರ್ಧ ಗಡಿ ದಾಟೋ ವ್ಯಾಪಾರ. ಅಂಗಡಿಯವರು ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮಾತಾಡ್ತಾರೆ. ಆದರೆ ಇಂಗ್ಲಿಷ್ ಕೈಪಿಡಿ ಕೊಟ್ಟರೆ ಪಕ್ಕಕ್ಕಿಡ್ತಾರೆ.

ಹಾಗಾಗಿ ನಾನು ಒಂದು ಕೆಲಸ ಮಾಡಿದೆ. ಪೋರ್ಟಲ್‌ನ ಇಂಗ್ಲಿಷ್ ಕೈಪಿಡಿ ಮುಂದಿಟ್ಟುಕೊಂಡು ಹದಿನಾಲ್ಕು ಪುಟದ ಕನ್ನಡ ಗೈಡ್ ಬರೆದೆ. ಲಾಗಿನ್ ಹೇಗೆ, ಯಾವ ಬಟನ್ ಒತ್ತಬೇಕು, ಗಾಡಿ ನಂಬರ್ ಎಲ್ಲಿ ಹಾಕಬೇಕು, ಎಲ್ಲದಕ್ಕೂ ಸ್ಕ್ರೀನ್‌ಶಾಟ್. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಬಿಟ್ಟೆ. ಅದು ಚೆನ್ನಾಗಿ ಓಡಿತು. ಬಸವಕಲ್ಯಾಣದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅದರ ಎರಡು ಪುಟ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಚ್ಚಿದ್ದನ್ನ ನಾನೇ ನೋಡೀನಿ. ಎಷ್ಟು ಖುಷಿ ಆಗಿತ್ತು ಅಂತೀರಿ!

ಆ ಗೈಡ್‌ನಲ್ಲಿ ಒಂದು ಸಾಲು ಹೀಗಿತ್ತು: ದೂರ 100 ಕಿಲೋಮೀಟರ್‌ವರೆಗೆ ಇದ್ದರೆ ಇ-ವೇ ಬಿಲ್ ಒಂದು ದಿನ ನಡೆಯುತ್ತದೆ, ಆಮೇಲೆ ಪ್ರತಿ 100 ಕಿಲೋಮೀಟರ್‌ಗೆ, ಅಥವಾ ಅದರ ಒಂದು ಭಾಗಕ್ಕೆ, ಇನ್ನೊಂದು ದಿನ ಸಿಗುತ್ತದೆ.

2018ರಲ್ಲಿ ಈ ಸಾಲು ನೂರಕ್ಕೆ ನೂರು ಸರಿ. ಆದರೆ 2021ರ ಜನವರಿ 1ರಿಂದ ನಿಯಮ ಬದಲಾಯಿತು. 100 ಇದ್ದದ್ದು 200 ಆಯಿತು. ಅಂದರೆ ಈಗ ಸಾಮಾನ್ಯ ಸರಕಿಗೆ 200 ಕಿಲೋಮೀಟರ್‌ಗೆ ಒಂದೇ ದಿನ.

ಹುಮನಾಬಾದಿನಿಂದ ಹೈದರಾಬಾದಿಗೆ ಎಷ್ಟು ದೂರ? 100ಕ್ಕಿಂತ ಹೆಚ್ಚು, 200ಕ್ಕಿಂತ ಕಡಿಮೆ. ಹಳೇ ನಿಯಮದ ಪ್ರಕಾರ ಎರಡು ದಿನ. ಹೊಸ ನಿಯಮದ ಪ್ರಕಾರ ಒಂದು ದಿನ.

ನೋಡ್ರಿ, ಇಲ್ಲೇ ಸಿಕ್ಕಿ ಬಿದ್ದದ್ದು. ನಮ್ಮ ಪರಿಚಯದ ಒಬ್ಬರು ಕಾಕಾ ಹುಮನಾಬಾದಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದಾರೆ. ಕೆಟ್ಟುಹೋದ ಮೋಟಾರ್‌ಗಳನ್ನ ಹೈದರಾಬಾದಿಗೆ ವಾಪಸ್ ಕಳಿಸಬೇಕಿತ್ತು. ಸೋಮವಾರ ಸಂಜೆ ನನ್ನ ಗೈಡ್ ನೋಡಿಕೊಂಡು ತಾವೇ ಇ-ವೇ ಬಿಲ್ ಮಾಡಿದರು. ಡ್ರೈವರ್‌ಗೆ, ‘ಎರಡು ದಿನ ಟೈಮ್ ಅದ, ಗಡಿಬಿಡಿ ಮಾಡಬ್ಯಾಡ’ ಅಂದರು. ಗಾಡಿ ಜಹೀರಾಬಾದ್ ಹತ್ತಿರ ಕೆಟ್ಟು ನಿಂತಿತು. ಮಂಗಳವಾರ ಪೂರ್ತಿ ಗ್ಯಾರೇಜ್‌ನಲ್ಲಿ ಹೋಯಿತು. ಬಿಲ್‌ನ ಅವಧಿ ಮಂಗಳವಾರ ಮಧ್ಯರಾತ್ರಿಗೇ ಮುಗಿದಿತ್ತು. ಬುಧವಾರ ಗಾಡಿ ಹೊರಟ ಮೇಲೆ ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರು. ದಂಡ ಕಟ್ಟಿದ ಮೇಲೇ ಬಿಟ್ಟರು.

ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆಯವರೆಗೆ ಅದನ್ನ ಪೋರ್ಟಲ್‌ನಲ್ಲೇ ವಿಸ್ತರಿಸಿಕೊಳ್ಳೋ ಅವಕಾಶ ಇದೆ. ಆದರೆ ಇನ್ನೂ ಟೈಮ್ ಇದೆ ಅಂದುಕೊಂಡವರು ಯಾಕೆ ವಿಸ್ತರಿಸ್ತಾರೆ? ಬಿಲ್ ಮೇಲೇ ಕೊನೇ ತಾರೀಕು ಅಚ್ಚಾಗಿರುತ್ತೆ, ಹೌದು. ಆದರೆ ಕನ್ನಡದಲ್ಲಿ ಬಿಡಿಸಿ ಹೇಳಿದ ಗೈಡ್ ಕೈಯಲ್ಲಿರುವಾಗ ಇಂಗ್ಲಿಷ್ ಚೀಟಿಯ ಸಣ್ಣ ಅಕ್ಷರ ಯಾರು ಓದ್ತಾರೆ?

ನಾನು ಅಂಗಡಿಗೆ ಹೋದಾಗ ಕಾಕಾ ಸಿಟ್ಟೇನೂ ಆಗಲಿಲ್ಲ. ಮೊಬೈಲ್‌ನಲ್ಲಿ ನನ್ನ ಪಿಡಿಎಫ್ ತೆಗೆದು ತೋರಿಸಿ, ‘ಏ ತಮ್ಮಾ, ನೀ ಬರದಿದ್ದು ನೋಡೇ ಮಾಡೀನಿ. ಇದರಾಗ ಎರಡು ದಿನ ಅಂತ ಅದ ನೋಡು’ ಅಂದರು. ‘ಹೌದ್ರಿ ಕಾಕಾ, ಅದು ಹಳೇದು’ ಅಂದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹಳೇದು ಅಂತ ಎಲ್ಲಿ ಬರದೀಯಪ್ಪಾ?’

ಎಲ್ಲೂ ಬರೆದಿರಲಿಲ್ಲ. ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ಉತ್ತರ ಹುಡುಕೋ ಪ್ರಯತ್ನ.

ಪುಸ್ತಕಕ್ಕೆ ವರ್ಷ ಇರುತ್ತೆ

ಬರವಣಿಗೆ ಹಳೆಯದಾಗೋದು ತಪ್ಪಲ್ಲ. ನಮ್ಮ ಬಸವಕಲ್ಯಾಣದ ಉದಾಹರಣೆಯನ್ನೇ ತಗೊಳ್ಳಿ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ಸುಮಾರು 900 ವರ್ಷದ ಹಿಂದೆ, ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದರು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಆಸ್ತಿ ಹಂಚಿಕೆಯ ಭಾಗವನ್ನ 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ಅನುವಾದ ಮಾಡಿದರು. ಬ್ರಿಟಿಷ್ ಕಾಲದ ಕೋರ್ಟುಗಳು ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಕ್ಕೆ ಅದನ್ನ ನೋಡ್ತಿದ್ದವು.

ಆಮೇಲೆ ಕಾನೂನು ಬದಲಾಯಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. 2005ರ ತಿದ್ದುಪಡಿಯಲ್ಲಿ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಈಗ ಯಾರಾದರೂ 1950ಕ್ಕಿಂತ ಮೊದಲು ಅಚ್ಚಾದ ಪುಸ್ತಕ ತೋರಿಸಿ ‘ಮಗಳಿಗೆ ಪಾಲಿಲ್ಲ’ ಅಂದರೆ, ಅದು ಪುಸ್ತಕದ ತಪ್ಪಲ್ಲ. ಮೊದಲ ಪುಟ ತಿರುವಿದರೆ ಅಚ್ಚಾದ ವರ್ಷ ಸಿಗುತ್ತೆ. ಓದುವವರಿಗೆ ಎಚ್ಚರಿಕೆ ಅಲ್ಲೇ ಇದೆ.

ನನ್ನ ಪಿಡಿಎಫ್‌ಗೆ ಆ ವರ್ಷ ಇರಲಿಲ್ಲ. ವಾಟ್ಸಾಪ್‌ನಲ್ಲಿ ಬಂದದ್ದು ಯಾವತ್ತೂ ಇವತ್ತಿನದೇ ಅನ್ನಿಸುತ್ತೆ. ನಾಲ್ಕು ವರ್ಷದ ಹಿಂದಿನ ಫೈಲ್ ಇವತ್ತು ಬೆಳಿಗ್ಗೆ ಫಾರ್ವರ್ಡ್ ಆದರೆ, ಅದರ ಕೆಳಗೆ ಇವತ್ತಿನ ಸಮಯವೇ ಕಾಣುತ್ತೆ.

ಮೂಲ ಬದಲಾದದ್ದು ಅನುವಾದಕ್ಕೆ ಗೊತ್ತಾಗೋದು ಹೇಗೆ?

ಕಾಮರ್ಸ್ ಓದಿದವರಿಗೆ ಇದನ್ನ ಒಂದು ಮಾತಿನಲ್ಲಿ ಹೇಳಬಹುದು: ಬ್ಯಾಂಕ್ ರಿಕನ್ಸಿಲಿಯೇಷನ್. ನಿಮ್ಮ ಕ್ಯಾಶ್ ಬುಕ್‌ನಲ್ಲಿ ಒಂದು ಬ್ಯಾಲೆನ್ಸ್ ಇರುತ್ತೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು. ಎರಡನ್ನೂ ತಿಂಗಳಿಗೊಮ್ಮೆ ತಾಳೆ ಹಾಕಿ ನೋಡ್ತೀರಿ. ತಾಳೆ ಹಾಕೋದನ್ನ ಬಿಟ್ಟರೆ ನಿಮ್ಮ ಪುಸ್ತಕ ನೋಡೋಕೆ ಚೆನ್ನಾಗೇ ಇರುತ್ತೆ. ಆದರೆ ಅದನ್ನ ನಂಬಿ ಚೆಕ್ ಕೊಟ್ಟರೆ ಬೌನ್ಸ್ ಆಗುತ್ತೆ. ಅನುವಾದವೂ ಹಾಗೇ. ಇಂಗ್ಲಿಷ್ ಮೂಲ ಪಾಸ್‌ಬುಕ್ ಇದ್ದಂತೆ, ಅದು ತನ್ನ ಪಾಡಿಗೆ ಬದಲಾಗ್ತಾ ಇರುತ್ತೆ. ಕನ್ನಡದ್ದು ನಮ್ಮ ಕ್ಯಾಶ್ ಬುಕ್.

ಈ ತಾಳೆ ಹಾಕೋ ಕೆಲಸವನ್ನ ದೊಡ್ಡ ದೊಡ್ಡ ಸಾಫ್ಟ್‌ವೇರ್ ಸಮುದಾಯಗಳು ಹೇಗೆ ಮಾಡ್ತವೆ? ಮೂರು ರೀತಿ ಹೇಳ್ತೀನಿ.

ಮೊದಲನೇದು, ಗೆಟ್‌ಟೆಕ್ಸ್ಟ್ ಅನ್ನೋ ಪದ್ಧತಿ. ಗ್ನೋಮ್, ಕೆಡಿಇ ಥರದ ಲಿನಕ್ಸ್ ಸಾಫ್ಟ್‌ವೇರ್‌ಗಳಲ್ಲಿ ಇದೇ ನಡೆಯುತ್ತೆ. ಒಂದು ಫೈಲ್‌ನಲ್ಲಿ ಇಂಗ್ಲಿಷ್ ಸಾಲು, ಅದರ ಕೆಳಗೆ ಕನ್ನಡ ಸಾಲು, ಹೀಗೆ ಜೋಡಿ ಜೋಡಿ ಇರುತ್ತೆ. ಇಂಗ್ಲಿಷ್ ಸಾಲು ಸ್ವಲ್ಪ ಬದಲಾದರೆ, ಹಳೇ ಕನ್ನಡ ಸಾಲನ್ನ ಅಳಿಸೋದಿಲ್ಲ. ಅದರ ಮೇಲೆ ‘ಫಜ್ಜಿ’ ಅಂತ ಗುರುತು ಬೀಳುತ್ತೆ. ಅಂದರೆ, ‘ಇದು ಅನುಮಾನ, ಯಾರಾದರೂ ನೋಡ್ರಿ’ ಅಂತ. ಒಬ್ಬರು ನೋಡಿ ಸರಿ ಮಾಡುವವರೆಗೂ ಸಾಮಾನ್ಯವಾಗಿ ಬಳಕೆದಾರರಿಗೆ ಅಲ್ಲಿ ಇಂಗ್ಲಿಷ್ ಸಾಲೇ ಕಾಣುತ್ತೆ.

ಇಲ್ಲಿ ನಿಮಗೆ ಇನ್ನೊಂದು ವಿಷಯ ಅರ್ಥ ಆಗುತ್ತೆ. ಕೆಲವು ಆ್ಯಪ್ ಅಥವಾ ಬ್ರೌಸರ್ ಕನ್ನಡಕ್ಕೆ ಬದಲಾಯಿಸಿದರೆ ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುತ್ತಲ್ಲ? ನಾವು ‘ಏನ್ ಅರೆಬರೆ ಕೆಲಸ ಮಾಡ್ಯಾರ’ ಅಂತ ಬೈತೀವಿ. ಎಷ್ಟೋ ಸಲ ಅದು ಬೇಕೆಂದೇ ಮಾಡಿದ ವ್ಯವಸ್ಥೆ. ಫೈರ್‌ಫಾಕ್ಸ್‌ನಲ್ಲಿ ಒಂದು ಸಾಲಿನ ಅರ್ಥವೇ ಬದಲಾದಾಗ ಆ ಸಾಲಿಗೆ ಹೊಸ ಗುರುತು ಕೊಡ್ತಾರೆ. ಹಳೇ ಕನ್ನಡ ಅದಕ್ಕೆ ಹೊಂದೋದಿಲ್ಲ, ಹೊಸದು ಬರುವವರೆಗೂ ಇಂಗ್ಲಿಷ್ ತೋರಿಸುತ್ತೆ. ತಪ್ಪು ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ವಾಸಿ ಅನ್ನೋ ಲೆಕ್ಕ.

ಎರಡನೇದು, ವಿಕಿ ಪದ್ಧತಿ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅಲ್ಲಿ ‘ಸಂಪಾದಿಸಿ’, ‘ಇತಿಹಾಸ’ ಅಂತ ಕಾಣುವ ಬಟನ್‌ಗಳ ಕನ್ನಡ ಬರೋದು ಟ್ರಾನ್ಸ್‌ಲೇಟ್‌ವಿಕಿ ಡಾಟ್ ನೆಟ್ ಅನ್ನೋ ಜಾಗದಿಂದ. ಸ್ವಯಂಸೇವಕರು ಅಲ್ಲಿ ಅನುವಾದ ಮಾಡ್ತಾರೆ. ವಿಕಿಯ ಸಾಫ್ಟ್‌ವೇರ್ ಬಗ್ಗೆ ಇರುವ ಸಹಾಯ ಪುಟಗಳನ್ನ ಅನುವಾದಿಸುವಾಗ ಇಡೀ ಪುಟವನ್ನ ಪ್ಯಾರಾ ಪ್ಯಾರಾ ಆಗಿ ಒಡೀತಾರೆ. ಇಂಗ್ಲಿಷ್‌ನಲ್ಲಿ ಒಂದು ಪ್ಯಾರಾ ಬದಲಾದರೆ, ಅನುವಾದದಲ್ಲಿ ಆ ಪ್ಯಾರಾದ ಹಿನ್ನೆಲೆ ಮಾತ್ರ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಉಳಿದದ್ದು ಹಾಗೇ ಇರುತ್ತೆ. ಓದುವವರಿಗೂ ಗೊತ್ತಾಯಿತು, ಅನುವಾದ ಮಾಡುವವರಿಗೂ ಎಲ್ಲಿ ಕೆಲಸ ಬಾಕಿ ಇದೆ ಅಂತ ಗೊತ್ತಾಯಿತು. ಇಡೀ ಪುಟ ಮತ್ತೆ ಓದೋ ಕಷ್ಟ ಇಲ್ಲ.

ಮೂರನೇದು ನನಗೆ ಬಹಳ ಹಿಡಿಸಿದ್ದು. ಡೆಬಿಯನ್ ಅಂತ ಒಂದು ಲಿನಕ್ಸ್ ಇದೆ. ಅದರ ವೆಬ್‌ಸೈಟನ್ನ ಸ್ವಯಂಸೇವಕರು ಹಲವಾರು ಭಾಷೆಗಳಿಗೆ ಅನುವಾದ ಮಾಡ್ತಾರೆ. ಪ್ರತಿ ಅನುವಾದದ ಫೈಲ್‌ನ ತಲೆಯಲ್ಲಿ ಒಂದು ಸಾಲು ಇರುತ್ತೆ: ‘ಈ ಅನುವಾದ ಮೂಲದ ಇಂಥ ಆವೃತ್ತಿಯಿಂದ ಮಾಡಿದ್ದು.’ ಯಾರು ನೋಡಿಕೊಳ್ತಾರೆ ಅಂತ ಅವರ ಹೆಸರನ್ನೂ ಹಾಕಬಹುದು. ಮೂಲ ಎಷ್ಟು ಮುಂದೆ ಹೋಗಿದೆ ಅಂತ ಒಂದು ಸಣ್ಣ ಪ್ರೋಗ್ರಾಂ ಲೆಕ್ಕ ಹಾಕುತ್ತೆ. ಅಂತರ ಒಂದು ಮಿತಿ ದಾಟಿದರೆ ಪುಟದ ಮೇಲೇ ಎಚ್ಚರಿಕೆ ಬರುತ್ತೆ: ಈ ಅನುವಾದ ಹಳೆಯದು, ಮೂಲ ನೋಡಿ ಅಂತ.

ಮೂರರಲ್ಲೂ ಸಾಮಾನ್ಯವಾದ ವಿಷಯ ಏನು? ಅನುವಾದ ತಾನು ಎಲ್ಲಿಂದ ಬಂದೆ ಅನ್ನೋದನ್ನ ಜೊತೆಗೇ ಇಟ್ಟುಕೊಂಡಿರುತ್ತೆ. ಅದಿಲ್ಲದೆ ತಾಳೆ ಹಾಕೋಕೆ ಆಗೋದೇ ಇಲ್ಲ. ನನ್ನ ಗೈಡ್ ಎಡವಿದ್ದು ಇದರಲ್ಲೇ.

ಹಳೆಯದನ್ನ ತೆಗೆದುಹಾಕಬೇಕಾ?

ಇದು ಸ್ವಲ್ಪ ಕಷ್ಟದ ಪ್ರಶ್ನೆ. ವೆಬ್‌ಸೈಟ್ ಕಟ್ಟೋದು ಕಲಿಯುವವರಿಗೆ ಎಂಡಿಎನ್ ಗೊತ್ತಿರುತ್ತೆ, ಮೊಜಿಲ್ಲಾ ಶುರು ಮಾಡಿದ ದಾಖಲೆಗಳ ತಾಣ. 2020ರ ಡಿಸೆಂಬರ್‌ನಲ್ಲಿ ಅವರು ತಮ್ಮ ಪುಟಗಳನ್ನೆಲ್ಲ ಗಿಟ್‌ಹಬ್‌ಗೆ ಸಾಗಿಸಿದರು. ಅನುವಾದಗಳಲ್ಲಿ ಬಹಳಷ್ಟು ಹಳೆಯದಾಗಿದ್ದವು. 2021ರಲ್ಲಿ, ನೋಡಿಕೊಳ್ಳೋ ತಂಡ ಇರುವ ಕೆಲವು ಭಾಷೆಗಳನ್ನ ಉಳಿಸಿಕೊಂಡು ಉಳಿದವನ್ನ ತೋರಿಸೋದನ್ನೇ ನಿಲ್ಲಿಸಿದರು.

ವರ್ಷಗಟ್ಟಲೆ ಪುಕ್ಕಟೆ ಕೂತು ಅನುವಾದ ಮಾಡಿದವರಿಗೆ ಇದು ನೋವಿನ ವಿಷಯ. ಕನ್ನಡದಂಥ ಭಾಷೆಗೆ ಇನ್ನೂ ಕಷ್ಟ, ಇರೋದೇ ನಾಲ್ಕು ಪುಟ, ಅದನ್ನೂ ತೆಗೆದರೆ ಉಳಿಯೋದೇನು ಅಂತ ಅನ್ನಿಸುತ್ತೆ. ಆ ಮಾತು ನನಗೂ ಅರ್ಥ ಆಗುತ್ತೆ. ಆದರೆ ಕಾಕಾನ ದಂಡದ ರಸೀದಿ ನೋಡಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ದುಡ್ಡು, ಕಾನೂನು, ಔಷಧಿ, ಪಾಸ್‌ವರ್ಡ್ ಸುರಕ್ಷತೆ, ಇಂಥ ವಿಷಯದ ಹಳೇ ಪುಟ ಇದ್ದರೆ ತೆಗೆಯಬೇಕು, ಇಲ್ಲವೇ ಮೇಲೆ ದೊಡ್ಡದಾಗಿ ‘ಹಳೆಯದು’ ಅಂತ ಬರೆಯಬೇಕು. ಅಕ್ಷರದ ಗಾತ್ರ ಬದಲಾಯಿಸೋದು ಹೇಗೆ ಅನ್ನೋ ಥರದ ಪುಟ ಹಳೆಯದಾದರೂ ಯಾರ ಜೇಬಿಗೂ ಕತ್ತರಿ ಬೀಳೋದಿಲ್ಲ. ಅದು ತಾರೀಕಿನ ಜೊತೆ ಇರಲಿ.

ಕನ್ನಡದಲ್ಲಿ ಓದುವವರು ಕನ್ನಡದ ಪುಟವನ್ನ ಹೆಚ್ಚು ನಂಬ್ತಾರೆ. ‘ನಮ್ಮವರೇ ಯಾರೋ ನೋಡಿ ಬರದಾರ’ ಅನ್ನೋ ನಂಬಿಕೆ ಅದು. ಇಂಗ್ಲಿಷ್ ಬರುವವರು ಅನುಮಾನ ಬಂದರೆ ಮೂಲ ತೆಗೆದು ನೋಡ್ತಾರೆ. ಬರದವರಿಗೆ ಆ ದಾರಿ ಇಲ್ಲ. ಹಾಗಾಗಿ ಹಳೇ ಅನುವಾದದಿಂದ ಪೆಟ್ಟು ಬೀಳೋದು, ಅದು ಯಾರಿಗೋಸ್ಕರ ಮಾಡಿದ್ದೋ ಅವರಿಗೇ.

‘ಈಗ ಫೋನೇ ಅನುವಾದ ಮಾಡುತ್ತಲ್ಲ?’

ಈ ಪ್ರಶ್ನೆ ಖಂಡಿತ ಬರುತ್ತೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಈಗಂತೂ ಬ್ರೌಸರ್‌ನಲ್ಲಿ ಒಂದು ಸಲ ಒತ್ತಿದರೆ ಪುಟ ಪೂರ್ತಿ ಕನ್ನಡ ಆಗುತ್ತೆ. ಒಂದು ಲಾಭ ಒಪ್ಪಲೇಬೇಕು: ಯಂತ್ರ ಅನುವಾದ ಮಾಡೋದು ಈ ಕ್ಷಣದಲ್ಲಿರುವ ಇಂಗ್ಲಿಷ್ ಪುಟವನ್ನ. ಹಾಗಾಗಿ 100 ಹೋಗಿ 200 ಆಗಿದ್ದರೆ ಅದು 200 ಅಂತಲೇ ತೋರಿಸುತ್ತೆ. ಈ ಒಂದು ವಿಷಯದಲ್ಲಿ ಅದು ನನ್ನ ಪಿಡಿಎಫ್‌ಗಿಂತ ವಾಸಿ.

ತೊಂದರೆ ಬೇರೆ ಕಡೆ ಇದೆ. ಸಹಾಯ ಪುಟದಲ್ಲಿ ಬಟನ್ ಹೆಸರನ್ನೂ ಯಂತ್ರ ಕನ್ನಡ ಮಾಡಿಬಿಡುತ್ತೆ, ಆದರೆ ನಿಜವಾದ ಸ್ಕ್ರೀನ್ ಮೇಲೆ ಆ ಬಟನ್ ಇಂಗ್ಲಿಷ್‌ನಲ್ಲೇ ಇರುತ್ತೆ. ಓದುವವರು ಇಲ್ಲದ ಬಟನ್ ಹುಡುಕ್ತಾ ಕೂರ್ತಾರೆ. ಒಂದೇ ಶಬ್ದ ಒಂದು ಪ್ಯಾರಾದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಬರಬಹುದು. ‘ರಿಟರ್ನ್’ ಅಂದರೆ ತೆರಿಗೆ ರಿಟರ್ನೋ, ವಾಪಸ್ ಕಳಿಸಿದ ಮಾಲೋ ಅನ್ನೋದು ಅಂಗಡಿಯವರಿಗೆ ಗೊತ್ತು, ಯಂತ್ರಕ್ಕೆ ಪ್ರತಿ ಸಲ ಗೊತ್ತಾಗೋದಿಲ್ಲ. ಮೊದಲ ಕರಡಿಗೆ ಯಂತ್ರ ಬಳಸಿ, ಬೇಡ ಅನ್ನೋದಿಲ್ಲ. ಆದರೆ ನೋಡಿ ತಿದ್ದೋ ಮನುಷ್ಯ ಬೇಕೇ ಬೇಕು.

ಈಗ ನಾನು ಮಾಡ್ತಿರೋದು

ಆ ಗೈಡನ್ನ ಈಗ ಹೊಸದಾಗಿ ಬರೆದೀನಿ. ಹೇಗೆ ಅಂತ ಹೇಳ್ತೀನಿ, ನಿಮಗೂ ಉಪಯೋಗ ಆಗಬಹುದು.

ಮೊದಲನೇದು, ಮೇಲಿನ ಸಾಲಿನಲ್ಲೇ ತಾರೀಕು. ‘ಇಂಥ ತಾರೀಕಿನ ಇಂಗ್ಲಿಷ್ ಕೈಪಿಡಿ ನೋಡಿ ಬರೆದದ್ದು, ಕೊನೇ ಸಲ ತಾಳೆ ನೋಡಿದ್ದು ಇಂಥ ದಿನ.’ ಎರಡೂ ತಾರೀಕು ಬೇಕು.

ಎರಡನೇದು, ಪಿಡಿಎಫ್ ಬಿಟ್ಟೆ. ಒಂದು ವೆಬ್ ಪುಟ ಮಾಡಿ ಲಿಂಕ್ ಕೊಡ್ತೀನಿ. ಪಿಡಿಎಫ್ ಒಂದು ಸಲ ಕೈ ಬಿಟ್ಟರೆ ವಾಪಸ್ ಬರೋದಿಲ್ಲ. ಲಿಂಕ್ ಆದರೆ ಎಷ್ಟು ಜನರಿಗೆ ಹೋಗಿದ್ದರೂ ನಾನು ಒಂದೇ ಕಡೆ ತಿದ್ದಿದರೆ ಸಾಕು. ಪ್ರಿಂಟ್ ತೆಗೆಯುವವರಿಗೆ ಪ್ರತಿ ಹಾಳೆಯ ಕೆಳಗೂ ತಾರೀಕು ಬರೋ ಹಾಗೆ ಮಾಡೀನಿ, ಲ್ಯಾಮಿನೇಷನ್ ಮಾಡಿಸಿದರೂ ಅದು ಕಾಣಬೇಕು.

ಮೂರನೇದು, ಬದಲಾಗೋ ಸಂಖ್ಯೆಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಇಟ್ಟೀನಿ. ಕಿಲೋಮೀಟರ್ ಮಿತಿ, ರೂಪಾಯಿ ಮಿತಿ, ದಿನದ ಲೆಕ್ಕ, ಎಲ್ಲ ಅಲ್ಲೇ. ಬೇರೆ ಪ್ಯಾರಾಗಳಲ್ಲಿ ‘ಪಟ್ಟಿ ನೋಡಿ’ ಅಂತ ಮಾತ್ರ. ಇಂಥ ಮಿತಿ ಎಷ್ಟು ಬೇಗ ಬದಲಾಗುತ್ತೆ ಅನ್ನೋದಕ್ಕೆ ಇ-ಇನ್ವಾಯ್ಸ್ ನೋಡ್ರಿ: 2020ರ ಅಕ್ಟೋಬರ್‌ನಲ್ಲಿ 500 ಕೋಟಿಗಿಂತ ಹೆಚ್ಚಿನ ವಹಿವಾಟು ಇದ್ದವರಿಗೆ ಮಾತ್ರ ಇತ್ತು. ಆಮೇಲೆ 100, 50, 20, 10 ಅಂತ ಇಳಿದು 2023ರ ಆಗಸ್ಟ್‌ನಲ್ಲಿ 5 ಕೋಟಿಗೆ ಬಂತು. ಮೂರು ವರ್ಷ ತುಂಬೋದರೊಳಗೆ ಐದು ಸಲ ಬದಲು.

ನಾಲ್ಕನೇದು, ಸ್ಕ್ರೀನ್‌ಶಾಟ್ ಕಡಿಮೆ. ಮೊದಲು ಹಳೆಯದಾಗೋದು ಅದೇ. ಬಟನ್ ಹೆಸರನ್ನ ಸ್ಕ್ರೀನ್ ಮೇಲೆ ಹೇಗಿದೆಯೋ ಹಾಗೇ ಬರೆದು, ಅದು ಏನು ಮಾಡುತ್ತೆ ಅಂತ ಕನ್ನಡದಲ್ಲಿ ಹೇಳಿದರೆ ಹೆಚ್ಚು ದಿನ ಬಾಳುತ್ತೆ.

ಐದನೇದು, ಹದಿನಾಲ್ಕು ಪುಟ ಇದ್ದದ್ದು ಈಗ ಐದು. ನಾನು ಎಷ್ಟು ನೋಡಿಕೊಳ್ಳೋಕೆ ಆಗುತ್ತೋ ಅಷ್ಟೇ. ಪ್ರತಿ ತಿಂಗಳ ಮೊದಲ ಭಾನುವಾರ ಅರ್ಧ ಗಂಟೆ ಕೂತು ಮೂಲದ ಜೊತೆ ತಾಳೆ ಹಾಕ್ತೀನಿ. ಏನೂ ಬದಲಾಗದಿದ್ದರೂ ತಾರೀಕು ಬದಲಾಯಿಸ್ತೀನಿ, ಯಾಕಂದ್ರೆ ‘ನೋಡಿದ್ದೀನಿ, ಬದಲಾಗಿಲ್ಲ’ ಅನ್ನೋದೂ ಓದುವವರಿಗೆ ಬೇಕಾದ ಮಾಹಿತಿ. ನನಗೆ ಆಗದಿದ್ದಾಗ ನೋಡೋಕೆ ಇನ್ನೊಬ್ಬ ಗೆಳೆಯನನ್ನ ಒಪ್ಪಿಸೀನಿ. ಒಬ್ಬನೇ ನೋಡಿಕೊಳ್ಳೋ ಪುಟ, ಅವನಿಗೆ ಹೊಸ ನೌಕರಿ ಸಿಕ್ಕ ದಿನವೇ ಹಳೆಯದಾಗೋಕೆ ಶುರು.

ನಮ್ಮ ಕಡೆ ಅಂಗಡಿಗಳಲ್ಲಿ ದೀಪಾವಳಿಗೆ ಹೊಸ ವಹಿ ಪೂಜೆ ಮಾಡ್ತಾರಲ್ಲ, ಹಳೇ ವಹಿ ಕಟ್ಟಿ ಬೇರೆ ಇಡ್ತಾರೆ. ಎಸೆಯೋದಿಲ್ಲ, ಆದರೆ ಅದರ ಮೇಲೆ ವರ್ಷ ಬರೆದಿರ್ತಾರೆ. ಯಾರೂ ಹಳೇ ವಹಿ ನೋಡಿ ಈ ವರ್ಷದ ಬಾಕಿ ವಸೂಲಿಗೆ ಹೋಗೋದಿಲ್ಲ. ಅಷ್ಟು ಶಿಸ್ತು ನಮ್ಮ ಕನ್ನಡ ಪುಟಗಳಿಗೂ ಇದ್ದರೆ ಸಾಕು.

ನಿಮ್ಮ ಹತ್ತಿರ ಕೇಳಿಕೊಳ್ಳೋದು ಇಷ್ಟೇ. ಅನುವಾದ ಮಾಡೋ ಆಸೆ ಇದ್ದರೆ ಹೊಸ ಪುಟಕ್ಕೆ ಕೈ ಹಾಕೋ ಮೊದಲು, ಈಗಾಗಲೇ ಕನ್ನಡದಲ್ಲಿರುವ ಒಂದು ಹಳೇ ಪುಟ ಹುಡುಕಿ ಸರಿ ಮಾಡಿ. ವಿಕಿಯಲ್ಲಿ ಗುಲಾಬಿ ಬಣ್ಣದ ಪ್ಯಾರಾ ಕಂಡರೆ ಒಂದು ಖಾತೆ ತೆರೆದು ಆ ಒಂದು ಪ್ಯಾರಾ ತಿದ್ದಿ. ಫೋನ್‌ನಲ್ಲೇ ಆಗುತ್ತೆ, ಹತ್ತು ನಿಮಿಷದ ಕೆಲಸ. ಅದನ್ನೂ ಮಾಡೋಕೆ ಆಗದಿದ್ದರೆ, ಮುಂದಿನ ಸಲ ಯಾವುದಾದರೂ ಕನ್ನಡ ಗೈಡ್ ಫಾರ್ವರ್ಡ್ ಮಾಡುವಾಗ ಒಂದು ನಿಮಿಷ ನಿಂತು ಅದರಲ್ಲಿ ತಾರೀಕು ಎಲ್ಲಿದೆ ನೋಡಿ. ಇಲ್ಲದಿದ್ದರೆ ಕಳಿಸಬೇಡಿ.

ಹೋದ ವಾರ ಹುಮನಾಬಾದಿಗೆ ಹೋದಾಗ ಕಾಕಾನ ಅಂಗಡಿಯಲ್ಲಿ ಹೊಸ ಹಾಳೆ ಹಚ್ಚಿದ್ದರು. ಕೆಳಗಿನ ತಾರೀಕಿಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದರು. ‘ಮುಂದಿನ ತಿಂಗಳು ಬದಲಾಗ್ಲಿಲ್ಲ ಅಂದ್ರ ನಿನಗ ಫೋನ್ ಹಚ್ಚತೀನಿ ನೋಡು’ ಅಂದರು. ಹಚ್ಚಲಿ, ಒಳ್ಳೇದೇ.

ಇವತ್ತಿಗೆ ಇಷ್ಟು. ನಿಮ್ಮ ಊರಿನಲ್ಲೂ ಹೀಗೇ ಹಳೇ ಗೈಡ್ ನಂಬಿ ಎಡವಟ್ಟಾಗಿದ್ದರೆ ಕನ್ನಡದಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಶರಣು.